ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಪೆಪ್ಟೈಡ್ ಲಸಿಕೆ: ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯ ಗಣೇಶಖಿಂಡ್ ಮತ್ತು ಪಾಷಾಣ ಕಡೆಯ ಸಂಸ್ಥೆಗಳಲ್ಲಿ ಬಯೊಇನ್‌ಫರ್ಮ್ಯಾಟಿಕ್ಸ್ ಓದುವ ಕನ್ನಡದ ಹುಡುಗ ಹುಡುಗಿಯರು, ಬಹುಪಾಲು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು, ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತು ನಮ್ಮ ಮನೆಗೆ ಬರುತ್ತಾರೆ. ಎಲ್ಲರ ಪ್ರಾಜೆಕ್ಟೂ ಹೆಚ್ಚುಕಡಿಮೆ ಒಂದೇ: ಆ್ಯಂಟಿಬಯೋಟಿಕ್‌ಗೆ ಬಗ್ಗದ ಯಾವುದೋ ಬ್ಯಾಕ್ಟೀರಿಯಾದ ವಿರುದ್ಧ ಹಲವು ಎಪಿಟೋಪ್‌ಗಳನ್ನು (ರೋಗನಿರೋಧಕ ವ್ಯವಸ್ಥೆ ಗುರುತಿಸುವ ಪ್ರೋಟೀನ್ ತುಣುಕುಗಳನ್ನು) ಪೋಣಿಸಿದ ಪೆಪ್ಟೈಡ್ ಲಸಿಕೆ. ಎಲ್ಲರೂ ಎಡವಿರುವ ಜಾಗವೂ ಒಂದೇ. ಒಂದು ಪ್ರೋಟೀನ್ ಆರಿಸಿ ನೇರವಾಗಿ ಎಪಿಟೋಪ್ ಊಹಿಸುವ ವೆಬ್ ಸರ್ವರಿಗೆ ಹಾಕಿರುತ್ತಾರೆ, ಬಂದ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ ಮೇಲಿನ ಹತ್ತನ್ನು ತೆಗೆದುಕೊಂಡಿರುತ್ತಾರೆ, ಆಮೇಲೆ ಉಳಿದ ಆರು ತಿಂಗಳನ್ನು ಆ ಹತ್ತನ್ನು ಸಮರ್ಥಿಸಿಕೊಳ್ಳುವುದರಲ್ಲಿ ಕಳೆದಿರುತ್ತಾರೆ.

ಈ ಕೆಲಸದಲ್ಲಿ ನೆನಪಿಡಬೇಕಾದ ಸಂಗತಿ ಇದು: ಯಾವ ಸರ್ವರೂ 'ನನಗೆ ಗೊತ್ತಿಲ್ಲ' ಎಂದು ಹೇಳುವುದಿಲ್ಲ. ಏನನ್ನು ಹಾಕಿದರೂ ಒಂದು ಅಂಕಿ ಕೊಡುತ್ತದೆ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ನಿಮ್ಮ ಪ್ರೋಟೀನಿನ ಅನುಕ್ರಮದ (ಒಂದೊಂದು ಅಮೈನೊ ಆಮ್ಲವನ್ನು ಒಂದೊಂದು ಅಕ್ಷರವಾಗಿ ಬರೆದ ಸಾಲಿನ) ಜೊತೆಗೆ ಸರಿ ಎಂದು ಗೊತ್ತಿರುವ ಒಂದನ್ನೂ ತಪ್ಪು ಎಂದು ಗೊತ್ತಿರುವ ಒಂದನ್ನೂ ಕಂಟ್ರೋಲ್ ಆಗಿ ಸಾಗಿಸಬೇಕು. ಮೂರಕ್ಕೂ ಒಂದೇ ಬಗೆಯ ಉತ್ತರ ಬಂದರೆ ಆ ಹಂತ ನಿಮಗೆ ಏನನ್ನೂ ತಿಳಿಸಿಲ್ಲ ಎಂದು ತಿಳಿಯಬೇಕು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಗ್ರಿ

ಲಿನಕ್ಸ್ ಇರುವ, 16 ಜಿಬಿ ರ‍್ಯಾಮ್‌ನ ಸಾಧಾರಣ ಲ್ಯಾಪ್‌ಟಾಪ್ ಎಂಟನೆಯ ಹಂತದವರೆಗೂ ಸಾಕಾಗುತ್ತದೆ. ಕೋಂಡಾ ಎಂಬ ತಂತ್ರಾಂಶ ವ್ಯವಸ್ಥಾಪಕದ ಮೂಲಕ ಪ್ರತಿ ಉಪಕರಣಕ್ಕೂ ಪ್ರತ್ಯೇಕ ಪರಿಸರ ಮಾಡಿಕೊಂಡು, ಅದರ ಆವೃತ್ತಿಯ ಸಂಖ್ಯೆಯನ್ನು ಅಂದೇ ಬರೆದಿಡಿ. ಎಪಿಟೋಪ್ ಊಹಿಸುವ ನೆಟ್‌ಎಂಎಚ್‌ಸಿಪ್ಯಾನ್, ಸಂಕೇತ ಪೆಪ್ಟೈಡ್ ಹುಡುಕುವ ಸಿಗ್ನಲ್‌ಪಿಗಳಂಥವನ್ನು ವೆಬ್ ಪುಟದಲ್ಲಿ ಬಳಸುವ ಬದಲು ಇಳಿಸಿಕೊಂಡು ಓಡಿಸುವುದು ಒಳ್ಳೆಯದು, ಏಕೆಂದರೆ ವೆಬ್ ಪುಟದ ಹಿಂದಿನ ಆವೃತ್ತಿ ಬದಲಾದರೆ ನಿಮ್ಮ ಫಲಿತಾಂಶವನ್ನು ನೀವೇ ಮತ್ತೆ ಪಡೆಯಲಾಗುವುದಿಲ್ಲ.

ಕಂಟ್ರೋಲ್‌ಗಳಿಗೆ ಒಂದು ಫೋಲ್ಡರ್ ಬೇರೆ ಇರಲಿ. ಅದರಲ್ಲಿ ಮೂರು ಫೈಲುಗಳು: ಮೆನಿಂಜೊಕಾಕಸ್ ಬಿ ಲಸಿಕೆಯಲ್ಲಿ ಈಗಾಗಲೇ ಬಳಕೆಯಲ್ಲಿರುವ ಫ್ಯಾಕ್ಟರ್ ಎಚ್ ಬಂಧಕ ಪ್ರೋಟೀನ್, ಮನುಷ್ಯನ ರಕ್ತದ ಆಲ್ಬುಮಿನ್, ಮತ್ತು ನೀವು ಆರಿಸುವ ಪ್ರೋಟೀನಿನ ಅಕ್ಷರಗಳನ್ನೇ ಕಲಸಿ ಬರೆದ ಒಂದು ಅನುಕ್ರಮ. ಮೂರನೆಯದು ಎಲ್ಲಕ್ಕಿಂತ ಉಪಯುಕ್ತ. ಅದರಲ್ಲಿ ಅಮೈನೊ ಆಮ್ಲಗಳ ಪ್ರಮಾಣ ಅದೇ ಇರುತ್ತದೆ, ಜೀವಶಾಸ್ತ್ರ ಮಾತ್ರ ಇರುವುದಿಲ್ಲ.

ಹಂತ 1: ಯಾವ ಬ್ಯಾಕ್ಟೀರಿಯಾ, ಯಾವ ಬಗೆಯ ರಕ್ಷಣೆ

ವಿಶ್ವ ಆರೋಗ್ಯ ಸಂಸ್ಥೆಯ 2024ರ ಆದ್ಯತಾ ಪಟ್ಟಿಯಲ್ಲಿ ಕಾರ್ಬಪೆನೆಮ್ ಎಂಬ ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಅಸಿನೆಟೊಬ್ಯಾಕ್ಟರ್ ಬೌಮನ್ನಿ ಮೊದಲಾದವು ಅತಿ ಗಂಭೀರ ಗುಂಪಿನಲ್ಲಿವೆ. ಹೆಚ್ಚಿನವರು ಇವೆರಡರಲ್ಲಿ ಒಂದನ್ನು ಆರಿಸುತ್ತಾರೆ. ಆಯ್ಕೆಯಲ್ಲಿ ತಪ್ಪಿಲ್ಲ. ಆರಿಸಿದ ಮೇಲೆ ಆ ಜೀವಿ ದೇಹದಲ್ಲಿ ಎಲ್ಲಿ ಬದುಕುತ್ತದೆ ಎಂದು ಕೇಳಿಕೊಳ್ಳದಿರುವುದು ತಪ್ಪು.

ಕ್ಲೆಬ್ಸಿಯೆಲ್ಲಾ ಹೆಚ್ಚಾಗಿ ಜೀವಕೋಶದ ಹೊರಗೆ ಬೆಳೆಯುತ್ತದೆ. ಅದನ್ನು ತಡೆಯಲು ಬೇಕಾದದ್ದು ಮೇಲ್ಮೈಗೆ ಅಂಟುವ ಪ್ರತಿಕಾಯಗಳು, ಅವನ್ನು ಹುಟ್ಟಿಸಲು ನೆರವಾಗುವ ಸಿಡಿ4 ಟಿ-ಕೋಶಗಳು, ಮತ್ತು ಬ್ಯಾಕ್ಟೀರಿಯಾ ನುಂಗುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆತರುವ ಟಿಎಚ್17 ಬಗೆಯ ಪ್ರತಿಕ್ರಿಯೆ. ಕೋಶದೊಳಗೆ ಅಡಗುವ ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೇಳಿದ ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಟಿ-ಕೋಶಗಳ ಪಾಠ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಆದರೂ ನಾನು ನೋಡಿದ ಪ್ರಾಜೆಕ್ಟುಗಳಲ್ಲಿ ಮುಕ್ಕಾಲು ಪಾಲು ಒಂದನೆಯ ವರ್ಗದ ಎಂಎಚ್‌ಸಿ (ಪ್ರೋಟೀನ್ ತುಣುಕುಗಳನ್ನು ಟಿ-ಕೋಶಗಳಿಗೆ ತೋರಿಸುವ ಅಣು; ಒಂದನೆಯ ವರ್ಗ ಸಿಡಿ8ಕ್ಕೆ, ಎರಡನೆಯದು ಸಿಡಿ4ಕ್ಕೆ) ಎಪಿಟೋಪ್‌ಗಳಿಂದಲೇ ಆರಂಭವಾಗಿರುತ್ತವೆ. ಕಾರಣ ಕೇಳಿದರೆ, 'ಸರ್, ಪೇಪರಿನಲ್ಲಿ ಹಾಗೇ ಇತ್ತು' ಎನ್ನುತ್ತಾರೆ. ಆ ಪೇಪರು ವೈರಸ್ಸಿನದಾಗಿರುತ್ತದೆ.

ಮುಂದಕ್ಕೆ ಹೋಗುವ ಮೊದಲು ಒಂದು ವಾಕ್ಯ ಬರೆಯಿರಿ: 'ಈ ಲಸಿಕೆ ಇಂಥ ಪ್ರತಿಕ್ರಿಯೆಯನ್ನು ಹುಟ್ಟಿಸಿ, ಇಂಥ ರೀತಿಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯಬೇಕು.' ಆ ವಾಕ್ಯ ಬರೆಯಲು ಬಾರದಿದ್ದರೆ ಎರಡನೆಯ ಹಂತಕ್ಕೆ ಹೋಗಬೇಡಿ.

ಹಂತ 2: ಜೀನೋಮ್‌ಗಳನ್ನು ಕೂಡಿಸುವುದು

ಒಂದೇ ತಳಿಯ ಜೀನೋಮ್ ಸಾಲದು. ಎನ್‌ಸಿಬಿಐ ಅಥವಾ ಬಿವಿ-ಬಿಆರ್‌ಸಿ ಭಂಡಾರದಿಂದ ಕೆಲವು ನೂರು ಜೀನೋಮ್‌ಗಳನ್ನಾದರೂ ಇಳಿಸಿಕೊಳ್ಳಿ. ಜೀನೋಮಿನ ಗುಣಮಟ್ಟ ಅಳೆಯುವ ಚೆಕ್‌ಎಂ ಲೆಕ್ಕದಲ್ಲಿ ಪೂರ್ಣತೆ 95%ಕ್ಕಿಂತ ಹೆಚ್ಚು ಮತ್ತು ಕಲಬೆರಕೆ 5%ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಉಳಿಸಿಕೊಳ್ಳಿ. ಎಲ್ಲವನ್ನೂ ಬಕ್ತಾ ಅಥವಾ ಪ್ರೊಕ್ಕಾ ಎಂಬ ಒಂದೇ ಉಪಕರಣದಿಂದ ನೀವೇ ಟಿಪ್ಪಣಿಸಿ, ಅಂದರೆ ಯಾವ ಜೀನ್ ಎಲ್ಲಿದೆ ಎಂದು ಗುರುತಿಸಿ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಟಿಪ್ಪಣಿಸಿದ ಫೈಲುಗಳನ್ನು ಬೆರೆಸಿದರೆ, ಒಂದೇ ಜೀನಿಗೆ ಮೂರು ಹೆಸರು ಬಂದು ಅದು ಕೆಲವು ತಳಿಗಳಲ್ಲಿ ಇಲ್ಲವೇ ಇಲ್ಲ ಎಂಬಂತೆ ಕಾಣುತ್ತದೆ.

ಭಂಡಾರದಲ್ಲಿ ಆಸ್ಪತ್ರೆಗಳ ಸೋಂಕಿನ ಹಾವಳಿಯಿಂದ ಬಂದ ಅವಳಿಜವಳಿ ತಳಿಗಳೇ ತುಂಬಿರುತ್ತವೆ. ಅಮೆರಿಕದ ಎಸ್‌ಟಿ258 (ಎಸ್‌ಟಿ ಎಂದರೆ ತಳಿಗುಂಪಿನ ಸಂಖ್ಯೆ) ತಳಿಯ ಇನ್ನೂರು ಪ್ರತಿಗಳನ್ನು ಹಾಕಿಕೊಂಡು '100% ಸಂರಕ್ಷಿತ' ಎಂದು ಬರೆದರೆ, ಅದು ಒಂದೇ ತಳಿಯನ್ನು ಇನ್ನೂರು ಸಲ ಎಣಿಸಿದ ಲೆಕ್ಕ. ಕ್ಲೆಬೊರೇಟ್ ಉಪಕರಣದಿಂದ ಪ್ರತಿ ಜೀನೋಮಿನ ಎಸ್‌ಟಿ, ಕ್ಯಾಪ್ಸೂಲ್ (ಬ್ಯಾಕ್ಟೀರಿಯಾದ ಸಕ್ಕರೆಯ ಹೊದಿಕೆ) ಬಗೆ ಮತ್ತು ನಿರೋಧಕ ಜೀನ್‌ಗಳನ್ನು ಗುರುತಿಸಿ, ಪ್ರತಿ ಎಸ್‌ಟಿಯಿಂದ ಇಂತಿಷ್ಟೇ ಎಂದು ಮಿತಿ ಹಾಕಿ. ನಮ್ಮ ದೇಶದಲ್ಲಿ ಮತ್ತೆ ಮತ್ತೆ ವರದಿಯಾಗಿರುವ ಎಸ್‌ಟಿ231 ಮತ್ತು ಎಸ್‌ಟಿ147 ಪಟ್ಟಿಯಲ್ಲಿ ಇವೆಯೇ ಎಂದು ಖಚಿತಪಡಿಸಿಕೊಳ್ಳಿ.

ಅನಂತರ ಪನಾರೂ ಅಥವಾ ರೋರಿ ಓಡಿಸಿ, ಎಲ್ಲ ತಳಿಗಳಲ್ಲೂ ಇರುವ ಜೀನ್‌ಗಳನ್ನು ಬೇರ್ಪಡಿಸಿ. 99% ಎಂಬ ಕಟ್ಟುನಿಟ್ಟಿನ ಮಿತಿ ಇಟ್ಟರೆ, ಅರ್ಧಂಬರ್ಧ ಜೋಡಣೆಯಾದ ಜೀನೋಮ್‌ಗಳ ದೆಸೆಯಿಂದ ಒಳ್ಳೆಯ ಜೀನ್‌ಗಳೂ ಬಿದ್ದುಹೋಗುತ್ತವೆ. ನಾನು 95% ಇಟ್ಟು, ಬಿಟ್ಟುಹೋದ ಜೀನೋಮ್‌ಗಳನ್ನು ಕೈಯಿಂದ ನೋಡುತ್ತೇನೆ.

ಹಂತ 3: ಪ್ರೋಟೀನ್ ಆಯ್ಕೆ

ಲಸಿಕೆಯ ಹಣೆಬರಹ ತೀರ್ಮಾನವಾಗುವುದು ಈ ಹಂತದಲ್ಲಿ. ಇದಕ್ಕೆ ಒಂದು ತಿಂಗಳು ಕೊಟ್ಟರೂ ನಷ್ಟವಿಲ್ಲ.

ಮೊದಲ ಜರಡಿ ಸ್ಥಳದ್ದು. ಪ್ರತಿಕಾಯ ತಲುಪಬೇಕಾದರೆ ಪ್ರೋಟೀನ್ ಹೊರಪೊರೆಯ ಹೊರಮುಖದಲ್ಲಿರಬೇಕು ಅಥವಾ ಸ್ರವಿಸಲ್ಪಟ್ಟಿರಬೇಕು. ಪ್ರೋಟೀನ್ ಕೋಶದಲ್ಲಿ ಎಲ್ಲಿರುತ್ತದೆಂದು ಊಹಿಸುವ ಪಿಸಾರ್ಟ್‌ಬಿ ಹತ್ತಕ್ಕೆ ಅಂಕ ಕೊಡುತ್ತದೆ. 7.5 ಮತ್ತು ಅದಕ್ಕೆ ಮೇಲ್ಪಟ್ಟದ್ದನ್ನು ಮಾತ್ರ ನಂಬಿ. 'ಗೊತ್ತಿಲ್ಲ' ಎಂಬ ವರ್ಗಕ್ಕೆ ಬಿದ್ದವನ್ನು ಎಸೆಯದೆ ಬೇರೆ ಇಡಿ. ಮೇಲೆ ಯಾವ ಸರ್ವರೂ ಗೊತ್ತಿಲ್ಲವೆಂದು ಹೇಳುವುದಿಲ್ಲ ಎಂದೆನಲ್ಲ, ಪಿಸಾರ್ಟ್‌ಬಿ ಆ ಮಾತಿಗೆ ಗೌರವಯುತ ಅಪವಾದ.

ಎರಡನೆಯದು ಪೊರೆ ದಾಟುವ ಸುರುಳಿಗಳ ಎಣಿಕೆ. ಡೀಪ್‌ಟಿಎಂಎಚ್‌ಎಂಎಂಗಿಂತ ಹಿಂದಿನ ಟಿಎಂಎಚ್‌ಎಂಎಂ ಉಪಕರಣ ಆಲ್ಫಾ ಸುರುಳಿಗಳನ್ನಷ್ಟೇ ಎಣಿಸುತ್ತದೆ. ಗ್ರಾಂ ಋಣ ಬ್ಯಾಕ್ಟೀರಿಯಾದ ಹೊರಪೊರೆಯ ಪ್ರೋಟೀನ್‌ಗಳಾದರೋ ಬೀಟಾ ಪಟ್ಟಿಗಳಿಂದ ಹೆಣೆದ ಪೀಪಾಯಿಗಳು. ಅವುಗಳಿಗೆ ಅದು 'ಸೊನ್ನೆ' ಎಂದು ಉತ್ತರಿಸುತ್ತದೆ. ಆ ಸೊನ್ನೆಯನ್ನು ನೋಡಿ 'ಪೊರೆಯಲ್ಲಿ ಹೂತಿಲ್ಲ, ಇಡೀ ಪ್ರೋಟೀನ್ ತೆರೆದಿದೆ' ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಪೀಪಾಯಿಯ ಗೋಡೆ ಪೊರೆಯೊಳಗಿರುತ್ತದೆ, ಒಳಬಾಗಿಲು ಎರಡು ಪೊರೆಗಳ ನಡುವಿನ ಪೆರಿಪ್ಲಾಸಮ್ ಕಡೆಗಿರುತ್ತದೆ. ಪ್ರತಿಕಾಯಕ್ಕೆ ಕಾಣುವುದು ಹೊರಗೆ ಚಾಚಿದ ಕುಣಿಕೆಗಳು ಮಾತ್ರ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್‌ನ ಭಂಡಾರದಿಂದ ರಚನೆ ಇಳಿಸಿ, ಆ ಕುಣಿಕೆಗಳ ಆರಂಭ ಮತ್ತು ಅಂತ್ಯದ ಸ್ಥಾನಸಂಖ್ಯೆಯನ್ನು ಕಾಗದದ ಮೇಲೆ ಗುರುತು ಹಾಕಿ. ಬಿ-ಕೋಶದ (ಪ್ರತಿಕಾಯ ಮಾಡುವ ಕೋಶದ) ಎಪಿಟೋಪ್ ಹುಡುಕಾಟ ಆ ಗುರುತುಗಳ ಒಳಗೇ ನಡೆಯಬೇಕು.

ಮೂರನೆಯದು ಸಂಕೇತ ಪೆಪ್ಟೈಡ್, ಅಂದರೆ ಪ್ರೋಟೀನನ್ನು ಹೊರಕ್ಕೆ ಸಾಗಿಸುವ ವಿಳಾಸಚೀಟಿಯಂಥ ಮೊದಲ ತುಣುಕು. ಸಿಗ್ನಲ್‌ಪಿ ತೋರಿಸುವ ಕತ್ತರಿಸುವ ಜಾಗದವರೆಗಿನ ಭಾಗ ಪಕ್ವ ಪ್ರೋಟೀನಿನಲ್ಲಿ ಉಳಿಯುವುದಿಲ್ಲ. ಅದು ಎಂಎಚ್‌ಸಿಗೆ ಚೆನ್ನಾಗಿ ಅಂಟುವ ಕೊಬ್ಬುಪ್ರಿಯ ಅಕ್ಷರಗಳಿಂದ ತುಂಬಿರುವುದರಿಂದ ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತದೆ. ಅದನ್ನು ಕತ್ತರಿಸಿದ ಮೇಲೆ ಉಳಿದ ಅನುಕ್ರಮವನ್ನಷ್ಟೇ ಮುಂದಕ್ಕೆ ಒಯ್ಯಿರಿ.

ಈಗ, ಹೆಚ್ಚು ಜನ ಬೀಳುವ ಎರಡು ಹೊಂಡಗಳು.

ಮೊದಲನೆಯದು ಕಾರ್ಬಪೆನೆಮನ್ನು ಒಡೆಯುವ ಎನ್‌ಡಿಎಂ ಕಿಣ್ವ. ನಿರೋಧಕತೆಗೆ ಅದೇ ಕಾರಣವಾದ್ದರಿಂದ ಅದರ ಮೇಲೇ ಲಸಿಕೆ ಮಾಡೋಣ ಎಂಬುದು ಸಹಜವಾದ ಆಲೋಚನೆ. ಆದರೆ ಈ ಕಿಣ್ವ ಹೊರಪೊರೆಗೆ ಅಂಟಿಕೊಂಡಿದ್ದರೂ ಪೆರಿಪ್ಲಾಸಮ್ ಕಡೆಗೆ ಮುಖ ಮಾಡಿರುತ್ತದೆ. ಹೊರಗಿನಿಂದ ಬಂದ ಪ್ರತಿಕಾಯ ಅದನ್ನು ಮುಟ್ಟಲಾರದು. ಮೇಲಾಗಿ ಅದರ ಜೀನ್ ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಉಂಗುರದ ಮೇಲೆ ಓಡಾಡುತ್ತದೆ, ಇಂದು ಇದ್ದದ್ದು ನಾಳೆ ಇಲ್ಲ.

ಎರಡನೆಯದು ಪೋರಿನ್‌ಗಳು, ಅಂದರೆ ಹೊರಪೊರೆಯಲ್ಲಿ ಕಿಂಡಿಯಾಗಿರುವ ಪ್ರೋಟೀನ್‌ಗಳು. ಕ್ಲೆಬ್ಸಿಯೆಲ್ಲಾದ ಒಂಪ್‌ಕೆ35 ಮತ್ತು ಒಂಪ್‌ಕೆ36 ಹೇರಳವಾಗಿವೆ, ಹೊರಗಿವೆ, ರೋಗನಿರೋಧಕ ವ್ಯವಸ್ಥೆಗೂ ಕಾಣುತ್ತವೆ. ಜರಡಿಗಳೆಲ್ಲವನ್ನೂ ಅವು ಪಾಸಾಗುತ್ತವೆ. ಆದರೆ ಕಾರ್ಬಪೆನೆಮ್ ಒಳಗೆ ನುಗ್ಗುವುದು ಇದೇ ಬಾಗಿಲುಗಳ ಮೂಲಕ. ಅದಕ್ಕಾಗಿ ನಿರೋಧಕ ತಳಿಗಳು ಒಂಪ್‌ಕೆ35ನ್ನು ಮುರಿದುಕೊಂಡಿರುತ್ತವೆ, ಒಂಪ್‌ಕೆ36ರ ಕಿಂಡಿಯನ್ನು ಕಿರಿದು ಮಾಡಿಕೊಂಡಿರುತ್ತವೆ ಅಥವಾ ಅದನ್ನೂ ಕಳೆದುಕೊಂಡಿರುತ್ತವೆ. ಯಾವ ತಳಿಗಾಗಿ ಲಸಿಕೆ ಮಾಡುತ್ತಿದ್ದೀರೋ ಅದರಲ್ಲೇ ಗುರಿ ಇರುವುದಿಲ್ಲ. ಅಸಿನೆಟೊಬ್ಯಾಕ್ಟರ್‌ನಲ್ಲಿ ಕಾರ್ಒ ಎಂಬ ಪ್ರೋಟೀನಿನದೂ ಇದೇ ಕಥೆ. ಆದ್ದರಿಂದ ಜೀನ್ ಇದೆಯೇ ಎಂದಷ್ಟೇ ನೋಡದೆ, ನಿರೋಧಕ ತಳಿಗಳಲ್ಲಿ ಅದು ಮೊದಲಿನಿಂದ ಕೊನೆಯವರೆಗೆ ಮುರಿಯದೆ ಇದೆಯೇ ಎಂದು ನೋಡಬೇಕು.

ಯಾವುವಿಲ್ಲದೆ ಕ್ಲೆಬ್ಸಿಯೆಲ್ಲಾ ಬದುಕಲಾರದೋ ಆ ಹೊರಪೊರೆಯ ಪ್ರೋಟೀನ್‌ಗಳಾದ ಬ್ಯಾಮ್‌ಎ, ಎಲ್‌ಪಿಟಿಡಿ ಮತ್ತು ದೇಹದೊಳಗೆ ಕಬ್ಬಿಣ ಕಸಿಯಲು ಬೇಕಾದ ಗ್ರಾಹಕಗಳು ಇದಕ್ಕಿಂತ ಭದ್ರ ಆಯ್ಕೆ. ಭದ್ರವೆಂದೆ, ಖಾತರಿಯೆಂದಲ್ಲ. ಸ್ಟೆಫಿಲೊಕಾಕಸ್ ಆರಿಯಸ್‌ನ ಕಬ್ಬಿಣ ಸಂಬಂಧಿ ಪ್ರೋಟೀನ್ ಐಎಸ್‌ಡಿಬಿ ಒಂದನ್ನೇ ನಂಬಿ ಮಾಡಿದ ವಿ710 ಲಸಿಕೆ ಪ್ರತಿಕಾಯಗಳನ್ನು ಧಾರಾಳವಾಗಿ ಹುಟ್ಟಿಸಿತು. ಆದರೆ ಎದೆಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಸೋಂಕನ್ನು ತಡೆಯಲಿಲ್ಲ, ಪ್ರಯೋಗವನ್ನು 2011ರಲ್ಲಿ ನಿಲ್ಲಿಸಬೇಕಾಯಿತು. ಸೋಂಕು ತಗುಲಿದವರಲ್ಲಿ ಲಸಿಕೆ ಪಡೆದವರ ಸಾವೇ ಹೆಚ್ಚಾಗಿತ್ತು. ಒಂದೇ ಗುರಿಯ ಮೇಲೆ ಎಲ್ಲವನ್ನೂ ಪಣಕ್ಕೆ ಇಡಬೇಡಿ. ಮೂರರಿಂದ ಐದು ಪ್ರೋಟೀನ್ ಇರಲಿ.

ಕ್ಯಾಪ್ಸೂಲನ್ನೂ ಮರೆಯಬೇಡಿ. ಕ್ಲೆಬ್ಸಿಯೆಲ್ಲಾ ಮೈಮೇಲೆ ಸಕ್ಕರೆಸರಪಳಿಯ ದಪ್ಪ ಕಂಬಳಿ ಹೊದ್ದಿರುತ್ತದೆ. ಎರಡು ಮೂರು ಅಮೈನೊ ಆಮ್ಲಗಳಷ್ಟೇ ಹೊರಚಾಚಿದ ಗಿಡ್ಡ ಕುಣಿಕೆ ಆ ಕಂಬಳಿಯ ಕೆಳಗೆ ಹೂತುಹೋಗಿರುತ್ತದೆ. ಉದ್ದ ಕುಣಿಕೆಗಳಿಗೆ ಆದ್ಯತೆ ಕೊಡಿ.

ಪ್ರೋಟೀನ್ ರಕ್ಷಕ ಪ್ರತಿಜನಕವೇ (ಲಸಿಕೆಗೆ ಗುರಿಯಾಗಬಲ್ಲದೇ) ಎಂದು ಊಹಿಸುವ ವ್ಯಾಕ್ಸಿಜೆನ್ ಅಂಕವನ್ನು ಈ ಹಂತದಲ್ಲಿ, ಇಡೀ ಪ್ರೋಟೀನಿಗೆ ಮಾತ್ರ ಬಳಸಿ. ಬ್ಯಾಕ್ಟೀರಿಯಾಕ್ಕೆ 0.4 ಎಂಬ ಮಿತಿ ಇಟ್ಟ ಆ ಮಾದರಿಯನ್ನು ತರಬೇತುಗೊಳಿಸಿದ್ದು 100 ರಕ್ಷಕ ಪ್ರತಿಜನಕಗಳು ಮತ್ತು ಅಲ್ಲದ 100 ಪ್ರೋಟೀನ್‌ಗಳಿಂದ. ಒಂಬತ್ತಕ್ಷರದ ಪೆಪ್ಟೈಡ್ ಹಾಕಿದರೆ ಅದು ಅಂಕ ಕೊಡುತ್ತದೆ ನಿಜ, ಆದರೆ ಆ ಅಂಕಕ್ಕೆ ಅರ್ಥವಿಲ್ಲ. ಒಂದಕ್ಷರ ಬದಲಿಸಿ ನೋಡಿ, ಅಂಕ ಹೇಗೆ ಕುಣಿಯುತ್ತದೆಂದು ನಿಮಗೇ ತಿಳಿಯುತ್ತದೆ.

ಹಂತ 4: ಎಚ್‌ಎಲ್‌ಎ ಪಟ್ಟಿ

ಎಪಿಟೋಪ್ ಹುಡುಕುವ ಮೊದಲೇ, ಯಾವ ಜನರಿಗಾಗಿ ಹುಡುಕುತ್ತಿದ್ದೀರಿ ಎಂಬುದು ತೀರ್ಮಾನವಾಗಿರಬೇಕು. ಎಚ್‌ಎಲ್‌ಎ ಎಂದರೆ ಮನುಷ್ಯನ ಎಂಎಚ್‌ಸಿ, ಅದರ ಬಗೆಗಳು ಜನರಿಂದ ಜನರಿಗೆ ಬೇರೆ. ಸರ್ವರಿನಲ್ಲಿ ಮೊದಲೇ ಟಿಕ್ ಆಗಿರುವ ಎ*02:01 ಯುರೋಪಿಯನ್ನರಲ್ಲಿ ಬಹು ಸಾಮಾನ್ಯ. ನಮ್ಮಲ್ಲಿ ಎ2 ಗುಂಪು ಎ*02:11, ಎ*02:06 ಎಂದು ಹಂಚಿಹೋಗಿದೆ. ಎ*11:01, ಎ*24:02, ಎ*33:03, ಬಿ*40:06 ಇವನ್ನು ಸೇರಿಸಿ. ಎರಡನೆಯ ವರ್ಗದಲ್ಲಿ ಡಿಆರ್‌ಬಿ1*07:01 ಮತ್ತು ಡಿಆರ್‌ಬಿ1*15:01 ತಪ್ಪದೆ ಇರಲಿ. ಪಟ್ಟಿಯನ್ನು ಫೈಲಿನಲ್ಲಿ ಉಳಿಸಿ, ಮುಂದೆ ಎಲ್ಲ ಕಡೆ ಅದೇ ಫೈಲನ್ನು ಬಳಸಿ. ಫಲಿತಾಂಶ ನೋಡಿದ ಮೇಲೆ ಪಟ್ಟಿ ತಿದ್ದುವುದು ಮೋಸ.

ಹಂತ 5: ಎಪಿಟೋಪ್‌ಗಳು

ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. 350 ಅಮೈನೊ ಆಮ್ಲಗಳ ಪ್ರೋಟೀನಿನಲ್ಲಿ ಒಂಬತ್ತಕ್ಷರದ ತುಣುಕುಗಳು 342. ನೆಟ್‌ಎಂಎಚ್‌ಸಿಪ್ಯಾನ್ ಕೊಡುವ ಶೇಕಡಾ ಶ್ರೇಣಿಯಲ್ಲಿ 0.5ರ ಒಳಗಿದ್ದರೆ ಬಲವಾದ ಬಂಧ, 2ರ ಒಳಗಿದ್ದರೆ ದುರ್ಬಲ ಬಂಧ. ಈ ಶ್ರೇಣಿ ಎಂದರೇನು? ಯಾದೃಚ್ಛಿಕ ಸಹಜ ಪೆಪ್ಟೈಡ್‌ಗಳಲ್ಲಿ ಶೇಕಡಾ ಇಷ್ಟು ಮಾತ್ರ ಇದಕ್ಕಿಂತ ಚೆನ್ನಾಗಿ ಅಂಟುತ್ತವೆ ಎಂದು ಅರ್ಥ. ಹಾಗಾದರೆ ಯಾವ ಪ್ರೋಟೀನನ್ನೇ ಹಾಕಿದರೂ, ಹಾಲಿನ ಕೇಸೀನನ್ನೇ ಹಾಕಿದರೂ, ಒಂದು ಎಚ್‌ಎಲ್‌ಎ ಬಗೆಗೆ ಸುಮಾರು ಏಳು ತುಣುಕುಗಳು ಆಕಸ್ಮಿಕವಾಗಿಯೇ ಪಾಸಾಗುತ್ತವೆ. ಇಪ್ಪತ್ತು ಬಗೆಗಳಿಗೆ ನೂರ ಮೂವತ್ತಕ್ಕೂ ಹೆಚ್ಚು. 'ನಮ್ಮ ಪ್ರೋಟೀನಿನಲ್ಲಿ ನೂರಕ್ಕೂ ಹೆಚ್ಚು ಎಪಿಟೋಪ್ ಸಿಕ್ಕಿವೆ' ಎಂಬ ಉತ್ಸಾಹದ ವಾಕ್ಯದ ಬೆಲೆ ಇಷ್ಟೇ.

ಆದ್ದರಿಂದ ಕ್ರಮ ಹೀಗಿರಲಿ. ಎರಡನೆಯ ವರ್ಗದಿಂದ ಆರಂಭಿಸಿ, ಹದಿನೈದಕ್ಷರದ ತುಣುಕುಗಳನ್ನು ನೆಟ್‌ಎಂಎಚ್‌ಸಿ2ಪ್ಯಾನ್‌ಗೆ ಹಾಕಿ. ಒಂದೇ ಒಂಬತ್ತಕ್ಷರದ ತಿರುಳು ಹಂಚಿಕೊಂಡ ಪಕ್ಕಪಕ್ಕದ ತುಣುಕುಗಳನ್ನು ಒಂದಾಗಿ ಎಣಿಸಿ, ಇಲ್ಲವಾದರೆ ಒಂದೇ ಎಪಿಟೋಪ್ ಏಳು ಸಲ ಪಟ್ಟಿಗೆ ಬರುತ್ತದೆ. ಹಲವು ಎಚ್‌ಎಲ್‌ಎ ಬಗೆಗಳಿಗೆ ಅಂಟುವ ತಿರುಳಿಗೆ ಆದ್ಯತೆ ಕೊಡಿ. ಅದೇ ಓಟವನ್ನು ಕಲಸಿ ಬರೆದ ಅನುಕ್ರಮಕ್ಕೂ ಮಾಡಿ. ನಿಜವಾದ ಪ್ರೋಟೀನಿನಲ್ಲಿ ಸಿಕ್ಕ ಸಂಖ್ಯೆ ಕಲಸಿದ್ದಕ್ಕಿಂತ ಹೆಚ್ಚಿಲ್ಲದಿದ್ದರೆ ಸಂಖ್ಯೆಯ ಬಗ್ಗೆ ಬರೆಯಬೇಡಿ. ಯಾವ ತುಣುಕು ಎಲ್ಲಿದೆ, ಎಷ್ಟು ತಳಿಗಳಲ್ಲಿದೆ ಎಂಬುದರ ಬಗ್ಗೆ ಮಾತ್ರ ಬರೆಯಿರಿ.

ಬಿ-ಕೋಶದ ಎಪಿಟೋಪ್‌ಗಳಿಗೆ ಬೆಪಿಪ್ರೆಡ್ ಬಳಸಿ. ಐಇಡಿಬಿ ಎಂಬ ಎಪಿಟೋಪ್ ಭಂಡಾರದ ಪಟ್ಟಿಯಲ್ಲಿ ಕೊಲಾಸ್ಕರ್-ಟೊಂಗಾವ್ಕರ್ ವಿಧಾನವೂ ಇದೆ. 1990ರಲ್ಲಿ ಇದೇ ಪುಣೆ ವಿಶ್ವವಿದ್ಯಾಲಯದಿಂದ ಹೊರಟದ್ದೆಂದು ನಮ್ಮ ಹುಡುಗರಿಗೆ ಅದರ ಮೇಲೆ ಅಭಿಮಾನ. ಅಭಿಮಾನವಿರಲಿ, ಆದರೆ ಅಮೈನೊ ಆಮ್ಲಗಳ ಗುಣ ಮತ್ತು ಆಗ ತಿಳಿದಿದ್ದ ಎಪಿಟೋಪ್‌ಗಳಲ್ಲಿ ಅವು ಬರುವ ಪ್ರಮಾಣ ಇವೆರಡರ ಮೇಲೆ ನಿಂತ ವಿಧಾನ ಅದು. ಅದೊಂದನ್ನೇ ಬಳಸಿದರೆ ಪ್ರೋಟೀನಿನ ಉದ್ದಕ್ಕೂ ಗುರುತುಗಳು ಬೀಳುತ್ತವೆ. ಯಾವ ವಿಧಾನ ಬಳಸಿದರೂ ಮೂರನೆಯ ಹಂತದಲ್ಲಿ ಗುರುತು ಹಾಕಿದ ಕುಣಿಕೆಯ ಹೊರಗೆ ಬಿದ್ದದ್ದನ್ನು ಬಿಡಿ.

ಉಳಿದ ಪ್ರತಿ ಎಪಿಟೋಪ್ ಎರಡನೆಯ ಹಂತದ ಎಷ್ಟು ಜೀನೋಮ್‌ಗಳಲ್ಲಿ ಒಂದಕ್ಷರವೂ ಬದಲಾಗದೆ ಇದೆ ಎಂದು ಎಣಿಸಿ. ಪ್ರೋಟೀನ್ ಸಂರಕ್ಷಿತವಾಗಿದ್ದರೂ ಹೊರಚಾಚಿದ ಕುಣಿಕೆಯೇ ಹೆಚ್ಚು ಬದಲಾಗುವ ಭಾಗ, ಏಕೆಂದರೆ ದೇಹದ ಒತ್ತಡ ಬೀಳುವುದು ಅಲ್ಲಿಯೇ. ಹೊರಗಿದ್ದೂ ಬದಲಾಗದ ತುಣುಕುಗಳು ಕಡಿಮೆ. ಹತ್ತು ಸಿಗದಿದ್ದರೆ ನಾಲ್ಕೇ ಇರಲಿ.

ಹಂತ 6: ಮನುಷ್ಯನ ಪ್ರೋಟೀನ್‌ಗಳ ಜೊತೆ ಹೋಲಿಕೆ

ಇಡೀ ಪ್ರೋಟೀನನ್ನು ಅನುಕ್ರಮಗಳನ್ನು ಹೋಲಿಸುವ ಬ್ಲಾಸ್ಟ್‌ಗೆ ಹಾಕಿ 'ಹೋಲಿಕೆ ಇಲ್ಲ' ಎಂದು ಬರೆದರೆ ಸಾಲದು. ಇಡಿಯಾಗಿ ಹೋಲದ ಪ್ರೋಟೀನಿನ ಎಂಟೊಂಬತ್ತು ಅಕ್ಷರ ನಮ್ಮ ಯಾವುದೋ ಪ್ರೋಟೀನಿಗೆ ತದ್ವತ್ ಹೊಂದಿರಬಹುದು, ಆಗ ಲಸಿಕೆ ನಮ್ಮ ದೇಹದ ಮೇಲೇ ತಿರುಗಬಹುದು. ಯುನಿಪ್ರಾಟ್‌ನಿಂದ ಪರಿಶೀಲಿತ ಮಾನವ ಪ್ರೋಟೀನ್‌ಗಳ ಫೈಲನ್ನು ಇಳಿಸಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳಿರುತ್ತವೆ. ಪ್ರತಿ ಎಪಿಟೋಪಿನ ಪ್ರತಿ ಎಂಟಕ್ಷರದ ತುಣುಕನ್ನು ಅದರಲ್ಲಿ ನೇರವಾಗಿ ಹುಡುಕಿ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿ ಇಪ್ಪತ್ತು ಎಪಿಟೋಪ್‌ಗಳನ್ನು ಹೀಗೆಯೇ ಗ್ರೆಪ್ ಕಮಾಂಡಿನಿಂದ ಹುಡುಕಿ, ಒಂದೂ ಹೊಂದಲಿಲ್ಲವೆಂದು ಖುಷಿಯಿಂದ ತೋರಿಸಿದಳು. ಫೈಲನ್ನು ತೆರೆದು ನೋಡಿದೆ. ಪ್ರತಿ ಸಾಲಿನಲ್ಲಿ ಅರವತ್ತು ಅಕ್ಷರ, ಆಮೇಲೆ ಹೊಸ ಸಾಲು. ಗ್ರೆಪ್ ಒಂದು ಸಾಲಿನೊಳಗೆ ಮಾತ್ರ ಹುಡುಕುತ್ತದೆ. ಸಾಲಿನ ಅಂಚಿನಲ್ಲಿ ಅರ್ಧ ಇಲ್ಲಿ, ಅರ್ಧ ಕೆಳಗೆ ಬಿದ್ದ ತುಣುಕು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಒಂಬತ್ತಕ್ಷರದ ತುಣುಕಿಗೆ ಪ್ರತಿ ಅರವತ್ತು ಸ್ಥಾನಗಳಲ್ಲಿ ಎಂಟು ಹೀಗೆ ತಪ್ಪಿಹೋಗುತ್ತವೆ, ಅಂದರೆ ನೂರಕ್ಕೆ ಹದಿಮೂರು. ಸಾಲುಗಳನ್ನು ಕೂಡಿಸಿ ಮತ್ತೆ ಹುಡುಕಿದಾಗ ಒಂದು ಎಪಿಟೋಪ್ ಪಟ್ಟಿಯಿಂದ ಹೊರಬಿತ್ತು. ಚಹಾ ಆರಿಹೋಗುವಷ್ಟು ಹೊತ್ತು ಅವಳು ಮಾತಾಡಲಿಲ್ಲ. ಮೊದಲು ಸಾಲು ಕೂಡಿಸಿ, ಆಮೇಲೆ ಹುಡುಕಿ. ಆಲ್ಬುಮಿನ್‌ನಿಂದ ಒಂದು ತುಣುಕನ್ನೂ ಪಟ್ಟಿಗೆ ಸೇರಿಸಿ. ಅದು ಸಿಗದಿದ್ದರೆ ನಿಮ್ಮ ಹುಡುಕಾಟವೇ ಕೆಟ್ಟಿದೆ.

ವಿಷಕಾರಿತ್ವಕ್ಕೆ ಟಾಕ್ಸಿನ್‌ಪ್ರೆಡ್, ಅಲರ್ಜಿಗೆ ಆಲರ್‌ಟಾಪ್ ಒಂದು ಸಲ ಓಡಿಸಿ ಮುಂದೆ ಹೋಗಿ. ಇವು ಎಚ್ಚರಿಕೆಯ ಗಂಟೆಗಳು ಮಾತ್ರ, ಸುರಕ್ಷತೆಯ ಪ್ರಮಾಣಪತ್ರಗಳಲ್ಲ.

ಹಂತ 7: ಪೋಣಿಸುವುದು

ರೂಢಿಯ ಕೊಂಡಿಗಳು ಇವು: ಸಹಾಯಕ ಟಿ-ಕೋಶದ ಎಪಿಟೋಪ್‌ಗಳ ನಡುವೆ ಜಿ-ಪಿ-ಜಿ-ಪಿ-ಜಿ, ಒಂದನೆಯ ವರ್ಗದವುಗಳ ನಡುವೆ ಎ-ಎ-ವೈ, ಬಿ-ಕೋಶದವುಗಳ ನಡುವೆ ಕೆ-ಕೆ, ಪ್ರಚೋದಕವನ್ನು (ರೋಗನಿರೋಧಕ ಪ್ರತಿಕ್ರಿಯೆ ಹೆಚ್ಚಿಸುವ ಭಾಗವನ್ನು) ಜೋಡಿಸಲು ಇ-ಎ-ಎ-ಎ-ಕೆ ಎಂಬ ಬಿಗಿ ಸುರುಳಿ. ಪ್ರಚೋದಕವಾಗಿ ಕಾಲರಾ ವಿಷದ ಬಿ ಉಪಘಟಕ ಅಥವಾ ಹದಿಮೂರು ಅಕ್ಷರದ ಪಡ್ರೆ ಬಳಕೆಯಲ್ಲಿವೆ.

ಇಲ್ಲಿ ನಡೆಯುವ ತಪ್ಪು ಕಣ್ಣಿಗೆ ಕಾಣದಂಥದ್ದು. ಎರಡು ಎಪಿಟೋಪ್ ಕೂಡುವ ಬೆಸುಗೆಯಲ್ಲಿ, ಬ್ಯಾಕ್ಟೀರಿಯಾದಲ್ಲಿ ಎಲ್ಲೂ ಇಲ್ಲದ ಹೊಸ ತುಣುಕುಗಳು ಹುಟ್ಟುತ್ತವೆ. ಅವು ನಿಮ್ಮ ನಿಜವಾದ ಎಪಿಟೋಪ್‌ಗಳಿಗಿಂತ ಬಲವಾಗಿ ಅಂಟಿದರೆ ದೇಹ ಅವುಗಳ ವಿರುದ್ಧವೇ ಸಜ್ಜಾಗುತ್ತದೆ. ಆದ್ದರಿಂದ ಪೋಣಿಸಿದ ಪೂರ್ಣ ಅನುಕ್ರಮದ ಮೇಲೆ ಐದನೆಯ ಮತ್ತು ಆರನೆಯ ಹಂತಗಳನ್ನು ಮತ್ತೊಮ್ಮೆ ಓಡಿಸಿ, ಬೆಸುಗೆಯನ್ನು ದಾಟುವ ಬಲವಾದ ತುಣುಕುಗಳನ್ನು ಪಟ್ಟಿ ಮಾಡಿ, ಎಪಿಟೋಪ್‌ಗಳ ಕ್ರಮವನ್ನು ಬದಲಿಸುತ್ತಾ ಅವು ಕಡಿಮೆಯಾಗುವ ಜೋಡಣೆಯನ್ನು ಆರಿಸಿ. ಐದು ಎಪಿಟೋಪ್‌ಗಳಿಗೆ 120 ಜೋಡಣೆಗಳು. ಪುಟ್ಟ ಸ್ಕ್ರಿಪ್ಟ್ ಒಂದು ರಾತ್ರಿಯಲ್ಲಿ ಮುಗಿಸುತ್ತದೆ.

ಪ್ರೋಟ್‌ಪ್ಯಾರಮ್‌ನಲ್ಲಿ ಅಸ್ಥಿರತೆಯ ಸೂಚ್ಯಂಕ 40ಕ್ಕಿಂತ ಕೆಳಗೆ ಬಂತೆಂದು ಸಂಭ್ರಮಿಸಬೇಡಿ. ಅದು ಅಕ್ಕಪಕ್ಕದ ಎರಡೆರಡು ಅಕ್ಷರಗಳ ಎಣಿಕೆ ಅಷ್ಟೇ.

ಹಂತ 8: ರಚನೆ ಮತ್ತು ಡಾಕಿಂಗ್

ಪೋಣಿಸಿದ ಸರಪಳಿಗೆ ಪ್ರಕೃತಿಯಲ್ಲಿ ಬಂಧುಗಳಿಲ್ಲ. ಆಲ್ಫಾಫೋಲ್ಡ್‌ಗೆ ಹೋಲಿಸಲು ಏನೂ ಸಿಗದೆ ಹಲವು ಕಡೆ ವಿಶ್ವಾಸದ ಅಂಕ 50ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿ ಬಹುಶಃ ನಿಶ್ಚಿತ ಆಕಾರವೇ ಇಲ್ಲ ಎಂದು ಓದಿಕೊಳ್ಳಬೇಕು. ಅಂಥ ರಚನೆಯನ್ನು ತಿದ್ದುವ ಸರ್ವರಿಗೆ ಹಾಕಿ, ಸರಪಳಿಯ ಕೋನಗಳನ್ನು ಪರೀಕ್ಷಿಸುವ ರಾಮಚಂದ್ರನ್ ನಕ್ಷೆಯಲ್ಲಿ 90%ಕ್ಕಿಂತ ಹೆಚ್ಚು ಬಂದಿತೆಂದು ತೋರಿಸುವುದು ಮುರಿದ ಗೋಡೆಗೆ ಸುಣ್ಣ ಬಳಿದಂತೆ. ಕೋನಗಳು ಸರಿಯಾದ ಮಾತ್ರಕ್ಕೆ ಮಡಿಕೆ ಸರಿಯಾಗುವುದಿಲ್ಲ.

ಡಾಕಿಂಗ್ (ಎರಡು ಅಣುಗಳು ಹೇಗೆ ಕೂಡುತ್ತವೆಂದು ಕಂಪ್ಯೂಟರಿನಲ್ಲಿ ಊಹಿಸುವುದು) ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ, ಒಪ್ಪದವರು ಒಪ್ಪದಿರಲಿ. ಲಸಿಕೆಯನ್ನು ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚುವ ಟಿಎಲ್‌ಆರ್4 ಗ್ರಾಹಕಕ್ಕೆ ಡಾಕ್ ಮಾಡಿ ಬರುವ ದೊಡ್ಡ ಋಣಸಂಖ್ಯೆ ಬಂಧದ ಶಕ್ತಿಯಲ್ಲ. ಕ್ಲಸ್‌ಪ್ರೊ ಎಂಬ ಡಾಕಿಂಗ್ ಸರ್ವರ್ ರೂಪಿಸಿದವರೇ ಆ ಅಂಕವನ್ನು ಹಾಗೆ ಬಳಸಬಾರದೆಂದು ಹೇಳಿದ್ದಾರೆ. ಟಿಎಲ್‌ಆರ್4 ಸಹಜವಾಗಿ ಹಿಡಿಯುವ ಲಿಪೊಪಾಲಿಸ್ಯಾಕರೈಡ್ ಕೂರುವುದು ಅದರ ಜೊತೆಗಾರ ಎಂಡಿ-2ರ ಗುಳಿಯಲ್ಲಿ. ನಮ್ಮವರು ರಚನೆ ಇಳಿಸಿಕೊಂಡು ಮೊದಲು ಅಳಿಸುವುದೇ ಎಂಡಿ-2ನ್ನು. ಮಾಡಲೇಬೇಕೆಂದು ಮಾರ್ಗದರ್ಶಕರು ಹಟ ಹಿಡಿದರೆ, ಎಂಡಿ-2 ಉಳಿಸಿಕೊಂಡು, ನಿಮ್ಮ ಲಸಿಕೆಯ ಜೊತೆ ಆಲ್ಬುಮಿನ್ ಮತ್ತು ಕಲಸಿದ ಅನುಕ್ರಮವನ್ನೂ ಅದೇ ರೀತಿ ಡಾಕ್ ಮಾಡಿ, ಮೂರೂ ಅಂಕಗಳನ್ನು ಒಂದೇ ಕೋಷ್ಟಕದಲ್ಲಿ ಕೊಡಿ. ನಮ್ಮ ಮನೆಯಲ್ಲಿ ಇದನ್ನು ಮಾಡಿಸಿದಾಗಲೆಲ್ಲ ಆ ಕೋಷ್ಟಕ ಪ್ರಬಂಧದಿಂದ ಮಾಯವಾಗಿದೆ.

ಮೂರರ ನಡುವೆ ಸ್ಪಷ್ಟ ವ್ಯತ್ಯಾಸ ಕಂಡರೆ ಮಾತ್ರ ಅಣುಗಳ ಚಲನೆ ತೋರಿಸುವ ಗ್ರೋಮ್ಯಾಕ್ಸ್ ಸಿಮ್ಯುಲೇಶನ್‌ಗೆ ಹೋಗಿ. ಪಾಷಾಣದ ಐಸರ್‌ನಲ್ಲಿರುವ ಪರಮ್ ಬ್ರಹ್ಮದಂಥ ಸೂಪರ್ ಕಂಪ್ಯೂಟರಿನಲ್ಲಿ ಸಮಯ ಸಿಗುವವರಿಗೂ ಆ ಸಮಯ ಪುಕ್ಕಟೆಯಲ್ಲ.

ಹಂತ 9: ರೋಗನಿರೋಧಕ ಸಿಮ್ಯುಲೇಶನ್

ಸಿ-ಇಮ್‌ಸಿಮ್‌ನಲ್ಲಿ ಚುಚ್ಚುಮದ್ದಿನ ಕಾಲವನ್ನು 1, 84, 168 ಎಂದು ಹಾಕುವುದು ವಾಡಿಕೆ. ಇವು ದಿನಗಳಲ್ಲ. ಒಂದು ಹೆಜ್ಜೆ ಎಂದರೆ ಎಂಟು ಗಂಟೆ. 84 ಹೆಜ್ಜೆಗಳೆಂದರೆ 28 ದಿನ. 'ಎಂಬತ್ನಾಲ್ಕು ದಿನಗಳ ಅಂತರದಲ್ಲಿ' ಎಂದು ಬರೆದ ಪ್ರಬಂಧವನ್ನು ಪರೀಕ್ಷಕರು ಅಲ್ಲಿಗೇ ಮುಚ್ಚಿಡುತ್ತಾರೆ. ಪ್ರತಿಕಾಯದ ಗೆರೆ ಮೂರನೆಯ ಚುಚ್ಚುಮದ್ದಿಗೆ ಮೇಲೇರುವುದು ಆ ಮಾದರಿಯ ಸ್ವಭಾವ. ಆಲ್ಬುಮಿನ್ ಹಾಕಿಯೂ ಒಂದು ಚಿತ್ರ ತೆಗೆದು ಪಕ್ಕದಲ್ಲಿಡಿ.

ಜನಸಂಖ್ಯೆಯ ವ್ಯಾಪ್ತಿಯ ಲೆಕ್ಕವನ್ನೂ ಇಲ್ಲಿಯೇ ಮಾಡಿ, ಐಇಡಿಬಿಯಲ್ಲಿ 'ಭಾರತ' ಆರಿಸಿ. 99% ಎಂದು ಬಂದರೆ ಅನುಮಾನಪಡಿ. ದುರ್ಬಲ ಬಂಧಗಳನ್ನೂ ಸೇರಿಸಿ ಪ್ರತಿ ಪೆಪ್ಟೈಡಿಗೆ ಹದಿನೈದು ಎಚ್‌ಎಲ್‌ಎ ಬರೆದರೆ ಯಾರಿಗಾದರೂ ಅಷ್ಟು ಬರುತ್ತದೆ.

ಹಂತ 10: ಪ್ರಯೋಗಾಲಯಕ್ಕೆ ಕೊಡುವುದು

ಮೆನಿಂಜೊಕಾಕಸ್ ಬಿ ಜೀನೋಮಿನಿಂದ ಲಸಿಕೆ ಹುಡುಕಿದವರು 350 ಪ್ರೋಟೀನ್‌ಗಳನ್ನು ತಯಾರಿಸಿ ಇಲಿಗಳಿಗೆ ಕೊಟ್ಟರು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರತಿಕಾಯ ಹುಟ್ಟಿಸಿದವು ಮೂವತ್ತಕ್ಕೂ ಕಡಿಮೆ. ನಿಮ್ಮ ಐದರಲ್ಲಿ ಐದೂ ಗೆಲ್ಲುತ್ತವೆಂದು ಲೆಕ್ಕ ಹಾಕಬೇಡಿ. ಇಡೀ ಸರಪಳಿಯನ್ನು ಇ. ಕೊಲೈನಲ್ಲಿ ಬೆಳೆಸುವ ಮೊದಲು ಬಿಡಿ ಪೆಪ್ಟೈಡ್‌ಗಳನ್ನು ತರಿಸಿ ಪರೀಕ್ಷಿಸುವುದು ಅಗ್ಗ. ಸಂಶ್ಲೇಷಣೆಗೆ ಕೊಡುವಾಗ ಉದ್ದ ನಲವತ್ತರೊಳಗಿರಲಿ. ಮೊದಲ ಅಕ್ಷರ ಗ್ಲುಟಮಿನ್ ಆಗಿದ್ದರೆ ಅದು ತಾನಾಗಿ ಉಂಗುರ ಕಟ್ಟಿಕೊಳ್ಳುತ್ತದೆ, ಸಿಸ್ಟೀನ್ ಮತ್ತು ಮಿಥಿಯೊನಿನ್ ಗಾಳಿಗೆ ಕೆಡುತ್ತವೆ, ಕೊಬ್ಬುಪ್ರಿಯ ಅಕ್ಷರಗಳೇ ತುಂಬಿದ ಪೆಪ್ಟೈಡ್ ನೀರಿನಲ್ಲಿ ಕರಗದೆ ಸೀಸೆಯ ತಳದಲ್ಲಿ ಕೂರುತ್ತದೆ. ಗಿಡ್ಡ ಪೆಪ್ಟೈಡ್ ತಾನೊಂದೇ ಪ್ರತಿಕಾಯ ಹುಟ್ಟಿಸುವುದು ಕಷ್ಟವಾದ್ದರಿಂದ ವಾಹಕ ಪ್ರೋಟೀನಿಗೆ ಜೋಡಿಸಲು ತುದಿಯಲ್ಲಿ ಒಂದು ಸಿಸ್ಟೀನ್ ಬೇಕಾದೀತು. ಅದನ್ನು ಉದ್ದೇಶಪೂರ್ವಕವಾಗಿ ಇಡಿ.

ಇಡೀ ಸರಪಳಿ ಬೆಳೆಸುವುದೇ ಆದರೆ ಜೆಕ್ಯಾಟ್‌ನಲ್ಲಿ ಕೋಡಾನ್‌ಗಳನ್ನು (ಡಿಎನ್‌ಎಯ ಮೂರಕ್ಷರದ ಪದಗಳನ್ನು) ಇ. ಕೊಲೈಗೆ ಹೊಂದಿಸಿ, ಆಮೇಲೆ ಅನುಕ್ರಮದ ಮಧ್ಯೆ ನೀವು ಬಳಸುವ ಕತ್ತರಿಕಿಣ್ವಗಳ ಜಾಗ ನುಸುಳಿದೆಯೇ, ಕೊನೆಯಲ್ಲಿ ಸ್ಟಾಪ್ ಕೋಡಾನ್ ಇದೆಯೇ, ಹಿಸ್ಟಿಡಿನ್ ಬಾಲ ಓದುಚೌಕಟ್ಟಿನಲ್ಲೇ ಇದೆಯೇ ಎಂಬ ಮೂರನ್ನು ಕೈಯಿಂದ ನೋಡಿ.

ಪ್ರಾಣಿಗಳ ಪ್ರಯೋಗಕ್ಕೆ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ, ಪ್ರಯೋಗಾಲಯದವರಲ್ಲಿ ಮೊದಲು ಕೇಳಬೇಕಾದದ್ದು ಪೆಪ್ಟೈಡಿಗೆ ಸೀರಮ್ ಅಂಟಿತೇ ಎಂದಲ್ಲ. ಅದು ಸಾಮಾನ್ಯವಾಗಿ ಅಂಟುತ್ತದೆ. ಕ್ಯಾಪ್ಸೂಲ್ ಹೊದ್ದ ಇಡೀ ಬ್ಯಾಕ್ಟೀರಿಯಾಕ್ಕೆ ಅಂಟಿತೇ, ಅಂಟಿದ ಮೇಲೆ ನ್ಯೂಟ್ರೊಫಿಲ್‌ಗಳು ಅದನ್ನು ನುಂಗಿದವೇ ಎಂದು ಕೇಳಿ. ಪೆಪ್ಟೈಡ್‌ಗಳ ಆರ್ಡರ್ ಹಾಳೆಯ ಕೊನೆಯ ಸಾಲಿನಲ್ಲಿ ನಿಮ್ಮ ಅತ್ಯುತ್ತಮ ಎಪಿಟೋಪಿನ ಅಕ್ಷರಗಳನ್ನೇ ಕಲಸಿದ ಒಂದು ಪೆಪ್ಟೈಡನ್ನೂ ಸೇರಿಸಿ. ಸೀಸೆಗಳಿಗೆ ಹೆಸರಿನ ಬದಲು ಅಂಕಿ ಹಚ್ಚಿ, ಯಾವ ಅಂಕಿ ಯಾವುದೆಂಬ ಚೀಟಿಯನ್ನು ಎಲೈಸಾ (ಪ್ರತಿಕಾಯ ಅಳೆಯುವ ಪರೀಕ್ಷೆ) ಮಾಡುವವರಲ್ಲದ ಬೇರೆ ಯಾರ ಬಳಿಯಾದರೂ ಇಡಿ, ಪ್ಲೇಟಿನ ಓದು ಕೈಗೆ ಬಂದ ಮೇಲೆ ತೆರೆಯಿರಿ.